ನಾವು ಕುಣಿದ ತಾಳ, ನಾವರಿಯದ ಹೆಸರು

ಹೋದ ವರ್ಷ ರಾಜ್ಯೋತ್ಸವದ ಸಿದ್ಧತೆಗೆಂದು ಸೇರಿದ್ದ ಸಭೆಯಲ್ಲಿ ಒಂದು ಸಣ್ಣ ಪ್ರಸಂಗ ನಡೆಯಿತು. ಸದಸ್ಯರೊಬ್ಬರ ಮಗಳು, ಹತ್ತನೆಯ ಇಯತ್ತೆಯ ಹುಡುಗಿ, ತಾನೇ ಡ್ರಮ್ಸ್ ಬಾರಿಸುತ್ತ ಒಂದು ಭಾವಗೀತೆಯನ್ನು ಹಾಡುವುದಾಗಿ ಹೇಳಿ ಹತ್ತು ನಿಮಿಷ ಸಮಯ ಕೇಳಿದಳು. ಹಿರಿಯರೊಬ್ಬರು ಬಹಳ ಅಕ್ಕರೆಯಿಂದಲೇ, "ತಬಲ ಇರಲಿ, ಮೃದಂಗ ಇರಲಿ, ಡೊಳ್ಳಾದರಂತೂ ಇನ್ನೂ ಚೆನ್ನ. ಈ ಡ್ರಮ್ಸು ನಮ್ಮದಲ್ಲವಲ್ಲಮ್ಮಾ" ಎಂದರು. ಸಭೆಯಲ್ಲಿದ್ದ ನಾವೆಲ್ಲ ತಲೆಯಾಡಿಸಿದೆವು. ನಾನೂ ಆಡಿಸಿದೆ. ಹುಡುಗಿ "ಆಗಲಿ ಅಂಕಲ್" ಎಂದು ಹೇಳಿ, ಮೂಲೆಯಲ್ಲಿಟ್ಟಿದ್ದ ಶಾಲೆಯ ಚೀಲ ತೆಗೆದುಕೊಂಡು ಹೊರಟುಹೋದಳು.

ಆ ರಾತ್ರಿ ಗೋಲ್ ಮೈದಾನದ ಪಕ್ಕದಿಂದ ನಡೆದು ಮನೆಗೆ ಬರುವಾಗ ನನಗೆ ನನ್ನ ಸೋದರಮಾವ ನೆನಪಾದರು. ಧಾರವಾಡ ಸೀಮೆಯಿಂದ ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದು, ಕಾರಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದವರು. ಪಾಳಿ ಇಲ್ಲದ ರಾತ್ರಿಗಳಲ್ಲಿ ಅವರು ಒಂದು ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತಿದ್ದರು. ಗಣೇಶೋತ್ಸವ, ನವರಾತ್ರಿ, ಸಿಂಧಿಗಳ ಮದುವೆ, ಎಲ್ಲಿ ಕರೆದರೂ ಸರಿ. ಗಾಯಕ ಬಾರದ ದಿನ ಬಾರಿಸುತ್ತಲೇ ಹಾಡುತ್ತಿದ್ದರು. ಎರಡು ಕೈ, ಎರಡು ಕಾಲು, ಬಾಯಿ, ಐದೂ ಬೇರೆ ಬೇರೆ ಕೆಲಸದಲ್ಲಿ ತೊಡಗಿರುತ್ತಿದ್ದುದನ್ನು ಕಂಡು ಹುಡುಗನಾಗಿದ್ದ ನಾನು ಬೆರಗಾಗುತ್ತಿದ್ದೆ. ಅವರಿಗೆ ಬಹಳ ಪ್ರಿಯವಾಗಿದ್ದ ಹಾಡು "ಆಪ್ ಜೈಸಾ ಕೋಯಿ". ಒಮ್ಮೆ ನಾನು, "ಮಾಮಾ, ಈ ಹಾಡು ಯಾರು ಮಾಡ್ಯಾರ?" ಎಂದು ಕೇಳಿದ್ದೆ. "ಯಾವನೋ ಲಂಡನ್ನಿನವನಂತ. ಹಾಡ ಯಾರದರೆ ಇರಲಿ ತಮ್ಮಾ, ತಾಳ ತಪ್ಪಬಾರದು ನೋಡು" ಎಂದಿದ್ದರು.

ಮಾಮಾ 2007ರಲ್ಲಿ ತೀರಿಕೊಂಡರು. ಆ "ಲಂಡನ್ನಿನವನು" ನಮ್ಮ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ, ಕೊಡಗಿನ ಮನೆತನದ ಬಿಡ್ಡು ಅಪ್ಪಯ್ಯ ಎಂಬ ಸಂಗತಿ ನನಗೆ ತಿಳಿದದ್ದು ಆಮೇಲೆ, 2010ರಲ್ಲಿ ಅವರ ಆತ್ಮಕಥೆ "ಮೇಡ್ ಇನ್ ಇಂಡಿಯಾ" ಪ್ರಕಟವಾದಾಗ. ಆ ಮಹನೀಯರ ಬಾಳು ಬದುಕನ್ನು ನಮ್ಮ ಸಂಘದ ವಾಚಕರ ಮುಂದೆ ಇಡಬೇಕೆಂಬ ಆಸೆ ಅಂದಿನಿಂದಲೂ ಇತ್ತು. ಸಂಗೀತಶಾಸ್ತ್ರ ಬಲ್ಲವನು ನಾನಲ್ಲ. ಬಿ.ಎಸ್ಸಿ. ಓದಿ, ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತಗಳ ನಡುವೆ ಇರುವ ಗುಮಾಸ್ತ. ಕಡತದಲ್ಲಿ ಹೆಸರು ಬಿಟ್ಟುಹೋದರೆ ಏನಾಗುತ್ತದೆಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತು.

ಎರಡು ದಂಡುಗಳು

ಬಿಡ್ಡು ಅವರು ಹುಟ್ಟಿದ್ದು 1945ರಲ್ಲಿ. ಆಗಿನ ಬೆಂಗಳೂರು ಒಂದೇ ಊರಾಗಿರಲಿಲ್ಲ. ಕೆಂಪೇಗೌಡರ ಪೇಟೆ ಮೈಸೂರು ಮಹಾರಾಜರ ಆಡಳಿತಕ್ಕೆ ಸೇರಿತ್ತು. 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೈನ್ಯವನ್ನು ತಂದು ನೆಲೆಗೊಳಿಸಿದ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟನ ಕೈಯಲ್ಲಿತ್ತು. ಈ ಎರಡೂ ಒಂದಾಗಿ ಒಂದೇ ನಗರಾಡಳಿತಕ್ಕೆ ಒಳಪಟ್ಟದ್ದು 1949ರಲ್ಲಿ. ಕೊಡಗಂತೂ ಆಗ ಬೇರೆಯೇ ಪ್ರಾಂತ್ಯ. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹೀಗೆ ನೋಡಿದರೆ ಬೆಂಗಳೂರಿನಲ್ಲಿದ್ದ ಕೊಡವ ಕುಟುಂಬವೂ ಒಂದು ಬಗೆಯ ವಲಸಿಗ ಕುಟುಂಬವೇ.

ನಮ್ಮ ಉಲ್ಹಾಸನಗರದ ಕಥೆಯೂ ದಂಡಿನಿಂದಲೇ ಆರಂಭವಾಗುತ್ತದೆ ಎಂಬುದನ್ನು ಇಲ್ಲಿ ನೆನೆಯಬಹುದು. ಎರಡನೆಯ ಮಹಾಯುದ್ಧದ ಕಾಲಕ್ಕೆ ಕಲ್ಯಾಣದ ಹೊರಗೆ ಸೈನಿಕರಿಗಾಗಿ ಕಟ್ಟಿದ ಬ್ಯಾರಕುಗಳಲ್ಲಿ, ದೇಶವಿಭಜನೆಯ ನಂತರ ಸಿಂಧದಿಂದ ಉಟ್ಟ ಬಟ್ಟೆಯಲ್ಲಿ ಬಂದವರನ್ನು ಇಳಿಸಿದರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಾಜಿಯವರು ಇದಕ್ಕೆ ಉಲ್ಹಾಸನಗರವೆಂಬ ಹೆಸರಿಟ್ಟರು. ಇಂದಿಗೂ ನಾವು ವಿಳಾಸ ಬರೆಯುವಾಗ ಕ್ಯಾಂಪ್ ನಂಬರು ಬರೆಯುತ್ತೇವೆ. ಬೆಂಗಳೂರಿನ ದಂಡು ಮತ್ತು ಉಲ್ಹಾಸನಗರದ ಕ್ಯಾಂಪು ಎರಡಕ್ಕೂ ಅದು ತಿರುವಿನ ವರ್ಷ.

ಸೈನ್ಯವಿದ್ದಲ್ಲಿ ವಾದ್ಯಮೇಳವಿರುತ್ತದೆ. ಬೆಂಗಳೂರಿನ ದಂಡಿನಲ್ಲಿ ಬ್ಯಾಂಡು, ಇಗರ್ಜಿಯ ಪಿಯಾನೋ, ಕ್ಲಬ್ಬುಗಳ ನೃತ್ಯಸಂಗೀತ, ಆಂಗ್ಲೋ ಇಂಡಿಯನ್ನರ ಗಿಟಾರು ಎಲ್ಲವೂ ಇದ್ದವು. ಇದು ದಂಡಿಗಷ್ಟೇ ಮೀಸಲಾಗಿತ್ತೆಂದೂ ತಿಳಿಯಬೇಕಾಗಿಲ್ಲ. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗೋಷ್ಠಿಯೇ ಇತ್ತು. ಜಯಚಾಮರಾಜ ಒಡೆಯರು ಶ್ರೀವಿದ್ಯೆಯ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರು. ಅದೇ ಕೈಯಿಂದ ಅವರು ರಷ್ಯಾದ ಸಂಗೀತಗಾರ ಮೆಡ್ಟ್‌ನರರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಮೈಸೂರಿಗೂ ಲಂಡನ್ನಿಗೂ ಸಂಗೀತದ ದಾರಿ ಬಿಡ್ಡು ಅವರು ಹೊರಡುವ ಮೊದಲೇ ತೆರೆದಿತ್ತು.

ಇನ್ನು ಕೊಡಗಿನ ಮಾತು. ಬಾರಿಸುತ್ತ ಹಾಡುವುದು ಅಲ್ಲಿ ಹೊಸದೇನಲ್ಲ. ಹಬ್ಬದಲ್ಲಿ, ಮದುವೆಯಲ್ಲಿ ನಾಲ್ವರು ಗಂಡಸರು ದುಡಿ ಎಂಬ ಪುಟ್ಟ ಚರ್ಮವಾದ್ಯವನ್ನು ಹಿಡಿದು, ತಾವೇ ಬಾರಿಸುತ್ತ ತಾವೇ ಹಾಡುತ್ತಾರೆ. ನಡು ಸಣ್ಣಗಿದ್ದು ಎರಡು ತುದಿ ಅಗಲವಾಗಿರುವ ಈ ದುಡಿ ಶಿವನ ಡಮರುಗದ ಬಂಧು. ಈ ಹಾಡುಗಳು ಬಾಯಿಂದ ಬಾಯಿಗೆ ಬಂದು ಕಳೆದುಹೋಗಲಿದ್ದ ಕಾಲದಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಅವನ್ನು ಸಂಗ್ರಹಿಸಿ ಕನ್ನಡ ಲಿಪಿಯಲ್ಲಿ ಬರೆದು, 1924ರಲ್ಲಿ "ಪಟ್ಟೋಲೆ ಪಳಮೆ" ಎಂಬ ಹೆಸರಿನಿಂದ ಪ್ರಕಟಿಸಿದರು. ಬರೆದಿಟ್ಟವರಿದ್ದುದರಿಂದ ಆ ಹಾಡುಗಳು ಉಳಿದವು. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಕೊನೆಯಲ್ಲಿ ಇಲ್ಲಿಗೇ ಮರಳಿ ಬರುವವನಿದ್ದೇನೆ.

ಟ್ರೋಜನ್ನರು

ನಮ್ಮ ಆಕಾಶವಾಣಿ ಸಿನೆಮಾ ಹಾಡುಗಳಿಗೂ ಇಂಗ್ಲಿಷ್ ಜನಪ್ರಿಯ ಹಾಡುಗಳಿಗೂ ಹೆಚ್ಚು ಜಾಗ ಕೊಡದಿದ್ದ ದಿನಗಳವು. ಹುಡುಗರೆಲ್ಲ ರೇಡಿಯೋ ಸಿಲೋನಿಗೆ ಕಿವಿಗೊಡುತ್ತಿದ್ದರು. ಬಿಡ್ಡು ಅವರಿಗೂ ಹುಚ್ಚು ಹಿಡಿದದ್ದು ಹಾಗೆಯೇ. ಗಿಟಾರು ಕಲಿತರು. ಬೀಟಲ್ಸ್ ತಂಡದ ಹಾಡುಗಳು ಜಗತ್ತಿನ ಹುಡುಗರನ್ನೆಲ್ಲ ಕುಣಿಸುತ್ತಿದ್ದ 1960ರ ದಶಕದಲ್ಲಿ ಗೆಳೆಯರನ್ನು ಕೂಡಿಸಿಕೊಂಡು "ಟ್ರೋಜನ್ಸ್" ಎಂಬ ತಂಡ ಕಟ್ಟಿದರು. ಇಂಗ್ಲಿಷಿನಲ್ಲಿ ಹಾಡುತ್ತಿದ್ದ ನಮ್ಮ ದೇಶದ ಮೊದಮೊದಲ ತಂಡಗಳಲ್ಲಿ ಅದೂ ಒಂದು. ಬೆಂಗಳೂರು, ಕಲ್ಕತ್ತ, ಮುಂಬಯಿಗಳ ಹೋಟೆಲುಗಳಲ್ಲಿ ಅವರು ಹಾಡಿದರು. ತಂಡ ಚದರಿದ ಮೇಲೆ ಮುಂಬಯಿಯಲ್ಲಿ "ಲೋನ್ ಟ್ರೋಜನ್", ಅಂದರೆ ಒಂಟಿ ಟ್ರೋಜನ್, ಎಂಬ ಹೆಸರಿನಲ್ಲಿ ಒಬ್ಬರೇ ಗಿಟಾರು ಹಿಡಿದು ನಿಂತರು.

ಒಂಟಿಯಾಗಿ ಮುಂಬಯಿಗೆ ಬಂದು ನಿಲ್ಲುವುದು ಎಂದರೇನು ಎಂದು ನಮ್ಮ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ. ನಮ್ಮ ತಂದೆ ತಾತಂದಿರಲ್ಲಿ ಹೆಚ್ಚಿನವರು ಒಂಟಿಯಾಗಿಯೇ ಬಂದವರು. ಬಿಡ್ಡು ಅವರಿಗೆ ಮುಂಬಯಿ ಕೂಡ ಒಂದು ತಂಗುದಾಣವಾಯಿತು. 1960ರ ದಶಕದ ಉತ್ತರಾರ್ಧದಲ್ಲಿ ಅವರು ಲಂಡನ್ನಿಗೆ ಹೊರಟರು. ಕೈಯಲ್ಲಿ ಹಣವಿರಲಿಲ್ಲ. ಮಧ್ಯಪ್ರಾಚ್ಯದ ದೇಶಗಳಲ್ಲಿ ಹಾಡಿ ದಾರಿಯ ಖರ್ಚು ಹೊಂದಿಸಿಕೊಳ್ಳುತ್ತ ಹೋದರು. ಅಲ್ಲಿ ಮುಟ್ಟಿದ ಮೇಲೂ ಸಣ್ಣಪುಟ್ಟ ಕೆಲಸ ಮಾಡಿ ಹಣ ಕೂಡಿಸಿ, ಗಂಟೆಯ ಲೆಕ್ಕದಲ್ಲಿ ಧ್ವನಿಮುದ್ರಣ ಶಾಲೆಯನ್ನು ಬಾಡಿಗೆಗೆ ಹಿಡಿದು, ತಮ್ಮ ಹಾಡುಗಳನ್ನು ತಾವೇ ಮುದ್ರಿಸಿ ಕಂಪೆನಿಗಳ ಬಾಗಿಲು ತಟ್ಟಿದರು. 1969ರಲ್ಲಿ "ಟೈಗರ್ಸ್" ಎಂಬ ಜಪಾನೀ ತಂಡದ ಇಂಗ್ಲಿಷ್ ಹಾಡೊಂದರ ಧ್ವನಿಮುದ್ರಣದ ಹೊಣೆ ಅವರ ಪಾಲಿಗೆ ಬಂದಿತು.

ಇಲ್ಲಿ ಒಂದು ಶಬ್ದವನ್ನು ಬಿಡಿಸಿ ಹೇಳಬೇಕು. ಸಿನೆಮಾದಲ್ಲಿ ನಿರ್ಮಾಪಕನೆಂದರೆ ಹಣ ಹಾಕುವವನು. ಧ್ವನಿಮುದ್ರಿಕೆಯ ಲೋಕದಲ್ಲಿ ಹಾಗಲ್ಲ. ಯಾವ ಹಾಡು, ಯಾವ ವೇಗ, ಯಾವ ವಾದ್ಯ ಎಲ್ಲಿ ಬರಬೇಕು, ದನಿ ಎಷ್ಟು ಮುಂದಿರಬೇಕು, ಇವನ್ನೆಲ್ಲ ನಿರ್ಧರಿಸುವವನು ಅಲ್ಲಿಯ ನಿರ್ಮಾಪಕ. ನಾಟಕಕ್ಕೆ ನಿರ್ದೇಶಕನಿದ್ದಂತೆ. ಆದರೆ ಮುದ್ರಿಕೆಯ ಮುಖಪುಟದ ಮೇಲೆ ಗಾಯಕನ ಚಿತ್ರವಿರುತ್ತದೆ. ನಿರ್ಮಾಪಕನ ಹೆಸರು ಹಿಂಬದಿಯ ಸಣ್ಣ ಅಕ್ಷರಗಳಲ್ಲಿರುತ್ತದೆ. ಬಿಡ್ಡು ಅವರ ಜೀವಿತದ ಬಹುಭಾಗ ಆ ಸಣ್ಣ ಅಕ್ಷರಗಳಲ್ಲೇ ಕಳೆಯಿತು.

ಹಿಂಬದಿಯ ಹಾಡು

1974ರ ಸಂಗತಿ. ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಎಂಬ ಗಾಯಕನಿಂದ ಬಿಡ್ಡು ಅವರು ಒಂದು ಹಾಡನ್ನು ಹಾಡಿಸಿದರು. ಆಗಿನ ಸಣ್ಣ ತಟ್ಟೆಗೆ ಎರಡು ಮುಖ. ಮುಂಬದಿಯಲ್ಲಿ ಕಂಪೆನಿ ನಂಬಿದ ಹಾಡು, ಹಿಂಬದಿಯಲ್ಲಿ ಜಾಗ ತುಂಬಿಸಲು ಇನ್ನೊಂದು. ಹಿಂಬದಿಗೆ ಹಾಡು ಬೇಕಲ್ಲ, ನಿನ್ನ ಬಳಿ ಏನಿದೆ ಎಂದು ಡಗ್ಲಸನನ್ನು ಕೇಳಿದಾಗ ಅವನು ತಾನು ಬರೆದಿದ್ದ ಸಾಹಿತ್ಯವೊಂದನ್ನು ತೋರಿಸಿದ. ಚೀನೀ ಕಾಳಗದ ಸಿನೆಮಾಗಳು ಜನಪ್ರಿಯವಾಗಿದ್ದ ಸಮಯ. ಬಾಡಿಗೆಯ ಅವಧಿಯಲ್ಲಿ ಉಳಿದ ಕೆಲವೇ ನಿಮಿಷಗಳಲ್ಲಿ ಅದನ್ನು ಮುದ್ರಿಸಿ ಮುಗಿಸಿದರು. ಅದು "ಕುಂಗ್ ಫೂ ಫೈಟಿಂಗ್".

ಕಂಪೆನಿಯವರು ಕೇಳಿ, ಹಿಂಬದಿಯದೇ ಮುಂಬದಿಗೆ ಬರಲಿ ಎಂದರು. ಆ ವರ್ಷವೇ ಅದು ಇಂಗ್ಲೆಂಡಿನಲ್ಲಿಯೂ ಅಮೆರಿಕೆಯಲ್ಲಿಯೂ ಮೊದಲ ಸ್ಥಾನಕ್ಕೇರಿತು. ಲೋಕದಾದ್ಯಂತ ಮಾರಾಟವಾದ ತಟ್ಟೆಗಳು 1 ಕೋಟಿ 10 ಲಕ್ಷವೆಂದು ಹೇಳುವುದುಂಟು. ಜಮೈಕಾದ ಗಾಯಕ, ಬೆಂಗಳೂರಿನ ನಿರ್ಮಾಪಕ, ಲಂಡನ್ನಿನ ಮುದ್ರಣ, ಚೀನಾದ ವಿಷಯ! 1976ರಲ್ಲಿ ಟೀನಾ ಚಾರ್ಲ್ಸ್ ಎಂಬ ಗಾಯಕಿಯಿಂದ ಅವರು ಹಾಡಿಸಿದ "ಐ ಲವ್ ಟು ಲವ್" ಕೂಡ ಇಂಗ್ಲೆಂಡಿನಲ್ಲಿ ಮೊದಲ ಸ್ಥಾನ ಪಡೆಯಿತು. ತಮ್ಮದೇ ಹೆಸರಿನ "ಬಿಡ್ಡು ಆರ್ಕೆಸ್ಟ್ರಾ" ಕಟ್ಟಿಕೊಂಡು ವಾದ್ಯಸಂಗೀತವನ್ನೂ ಮುದ್ರಿಸಿದರು. ಇಂಗ್ಲೆಂಡಿನಲ್ಲಿ ಡಿಸ್ಕೋ ಎಂಬ ಪ್ರಕಾರಕ್ಕೆ ರೂಪ ಕೊಟ್ಟವರಲ್ಲಿ ಅವರನ್ನು ಎಣಿಸುತ್ತಾರೆ.

ಡಿಸ್ಕೋ ಎಂದರೆ ಮೂಗು ಮುರಿಯುವವರಿಗಾಗಿ ಅದರ ಲೆಕ್ಕವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ನಾಲ್ಕು ಎಣಿಕೆಯ ಆವರ್ತ. ನಾಲ್ಕಕ್ಕೂ ಕಾಲಿನಿಂದ ದೊಡ್ಡ ಡ್ರಮ್ಮಿನ ಮೇಲೆ ಒಂದೊಂದು ಪೆಟ್ಟು. ಎರಡು ಮತ್ತು ನಾಲ್ಕಕ್ಕೆ ಕೈಯಿಂದ ಸ್ನೇರ್ ಎಂಬ ಚಪ್ಪಟೆ ಡ್ರಮ್ಮಿನ ಮೇಲೆ ಪೆಟ್ಟು. ಎಣಿಕೆ ಎಣಿಕೆಗಳ ಸಂದಿಯಲ್ಲಿ ಜೋಡಿ ತಾಳಗಳು ತೆರೆದು "ಛಿಸ್" ಎನ್ನಬೇಕು. ವೇಗ ಸಾಮಾನ್ಯವಾಗಿ ನಿಮಿಷಕ್ಕೆ 120 ಎಣಿಕೆಯ ಆಸುಪಾಸು. ಸುಮ್ಮನೆ ಕುಳಿತವನ ಎದೆಬಡಿತ ನಿಮಿಷಕ್ಕೆ 72. ಬಿರುಸಾಗಿ ನಡೆಯುವವನದು 120ರ ಹತ್ತಿರ ಹೋಗುತ್ತದೆ. ಈ ತಾಳ ಕೇಳಿದರೆ ಕುಳಿತವನು ಏಳುತ್ತಾನೆ. ಸರಳವಾಗಿದೆಯೆಂದು ಬಾರಿಸುವುದೂ ಸುಲಭವೆಂದು ಭಾವಿಸಬಾರದು. ಅರ್ಧ ಗಂಟೆ ಒಂದೇ ವೇಗದಲ್ಲಿ ಕಾಲು ತುಳಿದರೆ ತಿಳಿಯುತ್ತದೆ. ಕಾರ್ಯಕ್ರಮ ಮುಗಿಸಿ ಬಂದ ರಾತ್ರಿಗಳಲ್ಲಿ ಮಾಮಾ ಮೀನಖಂಡಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ತಿಕ್ಕುತ್ತಿದ್ದವನು ನಾನು.

ಒಂದು ಹಾಡು, ಮೂರು ಊರು

ಈಗ "ಆಪ್ ಜೈಸಾ ಕೋಯಿ" ಹಾಡಿಗೆ ಬರೋಣ. ನಟ ನಿರ್ದೇಶಕ ಫಿರೋಜ್ ಖಾನ್ "ಕುರ್ಬಾನಿ" ಚಿತ್ರ ಮಾಡುತ್ತಿದ್ದರು. ಚಿತ್ರದ ಉಳಿದ ಹಾಡುಗಳ ಸಂಗೀತ ಕಲ್ಯಾಣಜಿ ಆನಂದಜಿಯವರದು. ಈ ಒಂದು ಹಾಡನ್ನು ಮಾತ್ರ ಬಿಡ್ಡು ಅವರಿಂದ ಮಾಡಿಸಿದರು. ಫಿರೋಜ್ ಖಾನರೂ ಬೆಂಗಳೂರಿನಲ್ಲಿಯೇ ಹುಟ್ಟಿದವರು, 1939ರಲ್ಲಿ. 2009ರಲ್ಲಿ ಕೊನೆಯುಸಿರೆಳೆದದ್ದೂ ಬೆಂಗಳೂರಿನಲ್ಲಿಯೇ. ಹಾಡಿದವಳು ನಾಜಿಯಾ ಹಸನ್. ಕರಾಚಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದುತ್ತಿದ್ದ, ಹದಿನೈದರ ಆಸುಪಾಸಿನ ಶಾಲಾ ಹುಡುಗಿ.

ಆ ಕಾಲಕ್ಕೆ ಮುಂಬಯಿಯ ಧ್ವನಿಮುದ್ರಣ ಶಾಲೆಗಳಲ್ಲಿ ಗಾಯಕರೂ ವಾದ್ಯದವರೂ ಒಟ್ಟಿಗೆ ಕೂತು ಒಂದೇ ಸಲಕ್ಕೆ ಹಾಡಿ ಮುಗಿಸುವ ಪದ್ಧತಿಯೇ ಹೆಚ್ಚಾಗಿತ್ತು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಬಿಡ್ಡು ಅವರು ಈ ಹಾಡನ್ನು ಲಂಡನ್ನಿನಲ್ಲಿ 24 ಟ್ರ್ಯಾಕಿನ ಯಂತ್ರದಲ್ಲಿ ಮುದ್ರಿಸಿದರು. ಅಂದರೆ ಅಗಲವಾದ ಒಂದೇ ಪಟ್ಟಿಯ ಮೇಲೆ 24 ಬೇರೆ ಬೇರೆ ಸಾಲುಗಳು. ಡ್ರಮ್ಮಿಗೆ ಒಂದಷ್ಟು, ಗಿಟಾರಿಗೆ ಒಂದು, ದನಿಗೆ ಒಂದು, ಹೀಗೆ ಬೇರೆ ಬೇರೆ ತುಂಬಿ ಆಮೇಲೆ ಹದವಾಗಿ ಬೆರೆಸಬಹುದು. ಹುಳಿಗೆ ಬೇಳೆ, ತರಕಾರಿ, ಒಗ್ಗರಣೆ ಎಲ್ಲವನ್ನೂ ಬೇರೆ ಬೇರೆ ಸಿದ್ಧಮಾಡಿ ಕೊನೆಯಲ್ಲಿ ಕೂಡಿಸಿದ ಹಾಗೆ. ಎಳೆಯ ಹುಡುಗಿಯ ತೆಳು ದನಿ ಆ ಗದ್ದಲದ ತಾಳದ ಮೇಲೆ ತೇಲಿ ನಿಲ್ಲಲು ಈ ಉಪಾಯವೂ ನೆರವಾಯಿತು.

1980ರಲ್ಲಿ ಚಿತ್ರ ಬಿಡುಗಡೆಯಾಯಿತು. ಮುಂದಿನ ವರ್ಷ ನಾಜಿಯಾ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದಳು. 1981ರಲ್ಲಿ ಆಕೆಯೂ ಅವಳ ತಮ್ಮ ಜೊಹೇಬನೂ ಬಿಡ್ಡು ಅವರ ಸಂಗೀತದಲ್ಲಿ ಹಾಡಿದ "ಡಿಸ್ಕೋ ದೀವಾನೆ" ಹೊರಬಂತು. ಸಿನೆಮಾದ ಹಂಗಿಲ್ಲದೆ, ನಟ ನಟಿಯರ ನೆರವಿಲ್ಲದೆ, ಜನಪ್ರಿಯ ಹಾಡಿನ ಮುದ್ರಿಕೆ ನಮ್ಮ ದೇಶದಲ್ಲಿ ಇಷ್ಟು ದೊಡ್ಡದಾಗಿ ಮಾರಾಟವಾಗಬಲ್ಲದೆಂದು ತೋರಿಸಿದ್ದು ಅದೇ. 1982ರ "ಸ್ಟಾರ್" ಚಿತ್ರ ಓಡಲಿಲ್ಲ, ಹಾಡುಗಳು ಓಡಿದವು. ನಾಜಿಯಾ 2000ದ ಆಗಸ್ಟ್ 13ರಂದು ಕ್ಯಾನ್ಸರಿನಿಂದ ತೀರಿಕೊಂಡಳು. ಆಗ ಆಕೆಗೆ ಕೇವಲ 35 ವರ್ಷ.

ಆ ಹಾಡು ನಮ್ಮ ಉಲ್ಹಾಸನಗರಕ್ಕೆ ಬಂದ ಬಗೆಯನ್ನು ನೆನೆದಾಗಲೆಲ್ಲ ನನಗೆ ವಿಚಿತ್ರವೆನಿಸುತ್ತದೆ. ಇಲ್ಲಿಯ ಸಿಂಧಿ ಅಜ್ಜಂದಿರು ಬಿಟ್ಟುಬಂದ ಊರುಗಳಲ್ಲಿ ಕರಾಚಿ ದೊಡ್ಡದು. ಆ ಕರಾಚಿಯ ಹುಡುಗಿಯ ಹಾಡಿಗೆ ಅವರ ಮೊಮ್ಮಕ್ಕಳ ಮದುವೆಯ ಮೆರವಣಿಗೆ ಕುಣಿಯುತ್ತಿತ್ತು. ಹಾಡಿನ ರಾಗ ಬೆಂಗಳೂರಿನ ಕೊಡವನದು. ಬಾರಿಸುತ್ತಿದ್ದವರು ಧಾರವಾಡದ ನಮ್ಮ ಮಾಮಾ. ಗಡಿ ಬೇರೆಯಾಗಿ ಮೂವತ್ತು ವರ್ಷಗಳಾದ ಮೇಲೆ ಮೂರು ಊರುಗಳಿಂದ ಚದರಿದವರು ಒಂದು ರಸ್ತೆಯಲ್ಲಿ ಹೀಗೆ ಸೇರಿದ್ದರು. ಯಾರಿಗೂ ಅದು ಗೊತ್ತಿರಲಿಲ್ಲ ಅಷ್ಟೆ. ಮಾಮಾನಿಗೆ ಗೊತ್ತಿದ್ದರೆ ಮೈಕಿನಲ್ಲಿ ಹೇಳದೆ ಬಿಡುತ್ತಿರಲಿಲ್ಲ. "ಇದು ನಮ್ಮ ಕಡೆಯವರು ಮಾಡಿದ ಹಾಡ್ರೀ" ಎಂದು ಹೇಳುವ ಸಂತೋಷ ಅವರ ಪಾಲಿಗೆ ಬರಲಿಲ್ಲ.

ಮೇಡ್ ಇನ್ ಇಂಡಿಯಾ

ನಮ್ಮೂರಿನ ಒಂದು ಹಳೆಯ ಹಾಸ್ಯ ವಾಚಕರಿಗೆ ಗೊತ್ತೇ ಇದೆ. ಇಲ್ಲಿ ತಯಾರಾದ ಸರಕಿನ ಮೇಲೆ "ಮೇಡ್ ಇನ್ ಯು.ಎಸ್.ಎ." ಎಂಬ ಮುದ್ರೆಯಿರುತ್ತಿತ್ತೆಂದೂ, ಅದರ ಅರ್ಥ "ಉಲ್ಹಾಸನಗರ ಸಿಂಧಿ ಅಸೋಸಿಯೇಷನ್" ಎಂದೂ ಹೇಳಿ ನಗುತ್ತಿದ್ದರು. ವಿದೇಶದ್ದೆಂದರೆ ಮಾತ್ರ ಬೆಲೆ ಇದ್ದ ಕಾಲದ ಹಾಸ್ಯವದು. 1995ರಲ್ಲಿ ಅಲೀಶಾ ಚಿನಾಯ್ ಹಾಡಿದ "ಮೇಡ್ ಇನ್ ಇಂಡಿಯಾ" ಮನೆಮನೆಯ ಟಿ.ವಿ.ಯಲ್ಲಿ ಮೊಳಗಿದಾಗ ನಾನು ಹದಿನೈದರ ಹುಡುಗ. ಆ ಹಾಡಿನ ಸಂಗೀತವೂ ಬಿಡ್ಡು ಅವರದೇ. ಸುಮಾರು ಮೂವತ್ತು ವರ್ಷ ಹೊರದೇಶದಲ್ಲಿದ್ದ ಮನುಷ್ಯ "ನಮ್ಮ ದೇಶದ್ದೇ ಬೇಕು" ಎಂಬ ಅರ್ಥದ ಹಾಡಿಗೆ ರಾಗ ಕೊಟ್ಟರು. ತಮ್ಮ ಆತ್ಮಕಥೆಗೂ ಅದೇ ಹೆಸರನ್ನಿಟ್ಟರು. ಊರು ಬಿಟ್ಟವನಿಗೆ ಊರಿನ ಹೆಸರು ಯಾಕೆ ಬೇಕಾಗುತ್ತದೆ ಎಂಬ ಪ್ರಶ್ನೆಗೆ ನಮ್ಮ ಸಂಘದ ನಾಮಫಲಕವೇ ಉತ್ತರ.

ಬಿಡ್ಡು ಅವರ ಹೆಸರಾದ ಹಾಡುಗಳು ಇಂಗ್ಲಿಷಿನಲ್ಲಿವೆ, ಹಿಂದಿಯಲ್ಲಿವೆ. ಕನ್ನಡಕ್ಕೆ ಅವರೇನು ಕೊಟ್ಟರು ಎಂದು ಕೇಳುವವರು ಇರಬಹುದು. ನ್ಯಾಯವಾದ ಪ್ರಶ್ನೆಯೇ. ಅವರ ಮನೆತನದ ಮಾತು ಕೊಡವ ತಕ್ಕ್. ಅವರನ್ನು ಬಲವಂತವಾಗಿ ಕನ್ನಡ ಸಾಹಿತ್ಯ ಚರಿತ್ರೆಯೊಳಗೆ ತಂದು ಕೂಡಿಸುವ ಉದ್ದೇಶ ನನ್ನದಲ್ಲ. ಆದರೆ ಒಂದು ನಾಡಿನ ಚರಿತ್ರೆ ಅಲ್ಲಿ ಉಳಿದವರದಷ್ಟೇ ಆಗಲಾರದು. ಹಾಗೆ ಮಾಡಿದರೆ ನಾವು ನೀವೂ ಆ ಚರಿತ್ರೆಯಿಂದ ಹೊರಗೆ ಬೀಳುತ್ತೇವೆ. ನಮ್ಮ ಮಕ್ಕಳು ಮರಾಠಿಯಲ್ಲಿ ಓದಿ, ಹಿಂದಿಯಲ್ಲಿ ಚೌಕಾಸಿ ಮಾಡಿ, ಇಂಗ್ಲಿಷಿನಲ್ಲಿ ನೌಕರಿ ಹಿಡಿದವರು. ನಾಳೆ ಅವರ ಸಾಧನೆಯನ್ನು ನಮ್ಮದಲ್ಲವೆಂದು ಬಿಟ್ಟುಕೊಡಲು ನಮ್ಮ ಮನಸ್ಸು ಒಪ್ಪೀತೇ?

ಎದುರು ದಿಕ್ಕಿನ ಪ್ರಯಾಣವನ್ನೂ ಇಲ್ಲಿ ನೆನೆಯಬೇಕು. ಬೆಂಗಳೂರಿನಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ತಾಳವಾದ್ಯ ಶಾಲೆಯನ್ನು ಆರಂಭಿಸಿದರು. ಅವರ ಪತ್ನಿ ಆರ್.ಎ. ರಮಾಮಣಿಯವರು ಗಾಯಕಿ. ಈ ದಂಪತಿಗಳ ಬಳಿಗೆ ಜರ್ಮನಿಯ "ಎಂಬ್ರಿಯೋ" ಎಂಬ ರಾಕ್ ತಂಡದವರೂ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಅವರೂ ಬಂದು ಕೂಡಿ ನುಡಿಸಿದರು. ಮರಿಯಾನೋ ಅವರೊಂದಿಗೆ ಸೇರಿ ಮಾಡಿದ "ಜ್ಯೋತಿ" ಎಂಬ ಮುದ್ರಿಕೆಯನ್ನು ಜರ್ಮನಿಯ ಇ.ಸಿ.ಎಂ. ಸಂಸ್ಥೆ 1983ರಲ್ಲಿ ಹೊರತಂದಿತು. ಒಬ್ಬರು ಬೆಂಗಳೂರಿನಿಂದ ತಾಳ ಹುಡುಕಿಕೊಂಡು ಲಂಡನ್ನಿಗೆ ಹೋದರೆ, ಇವರನ್ನು ಹುಡುಕಿಕೊಂಡು ಜಗತ್ತೇ ಬೆಂಗಳೂರಿಗೆ ಬಂತು. ಎರಡೂ ನಡೆದದ್ದು ಒಂದೇ ಪೀಳಿಗೆಯಲ್ಲಿ, ಒಂದೇ ಊರಿನಿಂದ.

ಡ್ರಮ್ಸು ಯಾರದು?

ಇನ್ನು ನಮ್ಮ ಸಭೆಯಲ್ಲಿ ಎದ್ದ ಮಾತು: ಡ್ರಮ್ಸು ನಮ್ಮದಲ್ಲ. ಹಾಗಾದರೆ ಅದು ಯಾರದು ಎಂದು ಹುಡುಕಿದೆ. ಅದರ ದೊಡ್ಡ ಡ್ರಮ್ಮೂ ಸ್ನೇರೂ ಯುರೋಪಿನ ಸೈನ್ಯದ ವಾದ್ಯಮೇಳದಿಂದ ಬಂದವು. ತಾಳದ ತಟ್ಟೆಗಳು ತುರ್ಕಿಯಿಂದ. ಟಾಮ್ ಟಾಮ್ ಎಂಬ ಪಕ್ಕದ ಡ್ರಮ್ಮುಗಳು ಮೊದಲು ಬಂದದ್ದು ಅಮೆರಿಕಕ್ಕೆ ವಲಸೆ ಹೋದ ಚೀನೀಯರಿಂದ. ಮೊದಲು ಇವನ್ನು ಬಾರಿಸಲು ಇಬ್ಬರು ಮೂವರು ಬೇಕಾಗಿತ್ತು. ಅಮೆರಿಕದ ನಾಟಕಶಾಲೆಗಳಲ್ಲಿ ಜಾಗವೂ ಕಡಿಮೆ, ಸಂಬಳವೂ ಕಡಿಮೆ. ಒಬ್ಬನೇ ಎಲ್ಲವನ್ನೂ ಬಾರಿಸುವ ಉಪಾಯ ಹುಡುಕಿದರು. 1909ರಲ್ಲಿ ಲುಡ್ವಿಗ್ ಎಂಬ ಜರ್ಮನ್ ವಲಸಿಗ ಕುಟುಂಬದವನು ಕಾಲಿನಿಂದ ತುಳಿದು ದೊಡ್ಡ ಡ್ರಮ್ಮನ್ನು ಬಾರಿಸುವ ಒಳ್ಳೆಯ ಮೆಟ್ಟನ್ನು ತಯಾರಿಸಿದ. ಆ ಸಾಮಾನುಗಳ ಮೇಲೆ ಆಫ್ರಿಕನ್ ಮೂಲದ ಕರಿಯ ಜನ ಜಾಜ್ ಸಂಗೀತದ ತಾಳವನ್ನು ತಂದು ಕೂಡಿಸಿದರು. ಹೀಗೆ ಡ್ರಮ್ಸು ಎಂಬುದು ಊರು ಬಿಟ್ಟವರೆಲ್ಲ ಒಂದು ಚಾಳಿನಲ್ಲಿ ಕೂಡಿ ಬಾಳಿದಂಥ ವಾದ್ಯ. ಅದು ಯಾರೊಬ್ಬರದೂ ಅಲ್ಲ. ನಾವು ಪಿಟೀಲನ್ನು ಕರ್ನಾಟಕ ಸಂಗೀತದ ಪಕ್ಕವಾದ್ಯವಾಗಿ ಕೂಡಿಸಿಕೊಂಡಿದ್ದೇವೆ. ಪಕ್ಕದಲ್ಲಿ ಹಾರ್ಮೋನಿಯಂ ಇಲ್ಲದ ನಾಟಕ ಕಂಪೆನಿಯನ್ನು ನಮ್ಮ ಉತ್ತರ ಕರ್ನಾಟಕದಲ್ಲಿ ಊಹಿಸಲೂ ಆಗದು. ಇವೆರಡೂ ಹಡಗಿನಲ್ಲಿ ಬಂದವೇ.

ಈಗ ನನ್ನ ಸ್ವಂತದ ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. ನಾನು ಬಿ.ಎಸ್ಸಿ.ಗೆ ಸೇರಿದ ವರ್ಷ ನಮ್ಮ ಮನೆಯಲ್ಲಿ ಫೀ ಕಟ್ಟಲು ಹಣವಿರಲಿಲ್ಲ. ಆ ನವರಾತ್ರಿಯ ಒಂಬತ್ತು ರಾತ್ರಿ ಮಾಮಾ ಬಾರಿಸಿ ಬಂದು, ಹತ್ತನೆಯ ದಿನ ಬೆಳಿಗ್ಗೆ ಲಕೋಟೆಯನ್ನು ನನ್ನ ಅವ್ವನ ಕೈಗಿಟ್ಟರು. "ಅಳಿಯನ್ನ ಓದಸು ಅಕ್ಕಾ" ಎಂದಷ್ಟೇ ಹೇಳಿ, ಮೊದಲ ಪಾಳಿಗೆ ಹೋದರು. ನನ್ನ ಪದವಿ, ಅದರಿಂದ ಬಂದ ನೌಕರಿ, ಇಂದು ಸಂಘದ ಸಭೆಯಲ್ಲಿ ಕುಳಿತು ತಲೆಯಾಡಿಸುವ ನನ್ನ ಯೋಗ್ಯತೆ, ಎಲ್ಲವೂ ಆ ಡ್ರಮ್ಸಿನ ದುಡ್ಡಿನಿಂದ ಬಂದದ್ದು. ಅಂಥವನು ಒಂದು ಎಳೆಯ ಹುಡುಗಿಗೆ "ಇದು ನಮ್ಮದಲ್ಲ" ಎಂದು ಹೇಳುವವರ ಜೊತೆ ಸೇರಿದೆ. ಮಾಮಾ ಎದುರಿಗಿದ್ದಿದ್ದರೆ ಮೋರೆ ತೋರಿಸಲಾಗುತ್ತಿರಲಿಲ್ಲ.

ನಮ್ಮ ಸಂಘದ ಯಾವ ಸ್ಮರಣ ಸಂಚಿಕೆಯಲ್ಲೂ ಮಾಮಾನ ಹೆಸರಿಲ್ಲ. ಇರಲು ಕಾರಣವೂ ಇರಲಿಲ್ಲ. ಅವರು ನಮ್ಮ ವೇದಿಕೆಯಲ್ಲಿ ಬಾರಿಸಲಿಲ್ಲ, ನಾವು ಕರೆಯಲೂ ಇಲ್ಲ. ಅವರಂಥ ಇನ್ನೆಷ್ಟೋ ಜನ ನಮ್ಮ ಮನೆಗಳಲ್ಲಿ ಇದ್ದಿರಬೇಕು. ಬ್ಯಾಂಡಿನಲ್ಲಿ ಊದಿದವರು, ಭಜನಾ ಮಂಡಳಿಯಲ್ಲಿ ತಬಲ ಹಿಡಿದವರು, ಗಿರಣಿಯ ಪಾಳಿ ಮುಗಿಸಿ ಬಯಲಾಟದಲ್ಲಿ ಮದ್ದಳೆ ಬಾರಿಸಿದವರು. ಚಿಣ್ಣಪ್ಪನವರು ಕೊಡಗಿನಲ್ಲಿ ನೂರು ವರ್ಷಗಳ ಹಿಂದೆ ಮಾಡಿದ ಕೆಲಸವನ್ನು ನಾವು ನಮ್ಮ ಮಟ್ಟಿಗೆ ಮಾಡಬಾರದೇಕೆ? ಪ್ರತಿಯೊಂದು ಮನೆಯವರೂ ತಮ್ಮ ಹಿರಿಯರಲ್ಲಿ ಹಾಡಿದವರ, ಬಾರಿಸಿದವರ ಹೆಸರು, ಊರು, ಬಂದ ವರ್ಷ, ನುಡಿಸಿದ ವಾದ್ಯ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಸಾಕು. ಕಡತ ಕಟ್ಟುವ ಕೆಲಸ ನನಗೆ ಬರುತ್ತದೆ, ಅದನ್ನು ನಾನು ಮಾಡುತ್ತೇನೆ. ಮೊದಲ ಹಾಳೆ ಮಾಮಾನದು, ಬರೆದಿಟ್ಟಿದ್ದೇನೆ.

ಆ ಹುಡುಗಿಯ ಮನೆಗೂ ಹೋಗಿಬಂದೆ. ಈ ವರ್ಷದ ರಾಜ್ಯೋತ್ಸವಕ್ಕೆ ಅವಳ ಹತ್ತು ನಿಮಿಷವನ್ನು ಕಾರ್ಯಕಾರಿ ಸಮಿತಿಯ ಮುಂದೆ ನಾನೇ ಕೇಳುವೆನೆಂದು ಹೇಳಿದ್ದೇನೆ. ನಮ್ಮ ಅಟ್ಟದ ಮೇಲೆ ಮಾಮಾನ ಸ್ನೇರ್ ಡ್ರಮ್ಮು ಇದೆ. ಚರ್ಮ ಸಡಿಲಾಗಿತ್ತು, ಅಂಚಿಗೆ ತುಕ್ಕು ಹಿಡಿದಿತ್ತು. ಹೋದ ಭಾನುವಾರ ಕೆಳಗಿಳಿಸಿ, ತುಕ್ಕು ಉಜ್ಜಿ, ಹೊಸ ಹೊದಿಕೆ ಹಾಕಿಸಿಕೊಂಡು ಬಂದಿದ್ದೇನೆ. ಅವಳಿಗೆ ಬೇಕಾದರೆ ಅದನ್ನು ಕೊಡುವವನಿದ್ದೇನೆ.